ಸಮವಸ್ತ್ರ ಕಳಚಿದರೂ ಠಾಣೆ ಮನೆ ಬಿಟ್ಟು ಹೋಗದಿದ್ದರೆ

ಪ್ರಶ್ನೆ: ನನ್ನ ಯಜಮಾನರು ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್. ಸೇವೆಗೆ ಸೇರಿ 11 ವರ್ಷವಾಯಿತು. ಮದುವೆಯಾದ ಹೊಸದರಲ್ಲಿ ಊರಿನ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು, ಕಬಡ್ಡಿ ಆಡುತ್ತಿದ್ದರು, ಜಾತ್ರೆಗೆ ಹೋದರೆ ಸಿಕ್ಕವರನ್ನೆಲ್ಲ ಮಾತನಾಡಿಸುತ್ತಿದ್ದರು. ಈಗ ಇಲಾಖೆಯವರನ್ನು ಬಿಟ್ಟರೆ ಬೇರೆ ಸ್ನೇಹಿತರೇ ಇಲ್ಲ. ಹೋಟೆಲಿಗೆ ಹೋದರೆ ಬಾಗಿಲು ಕಾಣುವ ಕುರ್ಚಿಯೇ ಆಗಬೇಕು. ನಾಲ್ಕನೇ ತರಗತಿಯ ಮಗಳು ಟ್ಯೂಷನ್‌ನಿಂದ ಹತ್ತು ನಿಮಿಷ ತಡವಾಗಿ ಬಂದರೆ ಆರೋಪಿಯನ್ನು ಕೇಳಿದ ಹಾಗೆ ಕೇಳುತ್ತಾರೆ. ನಾನು ಏನಾದರೂ ಕೇಳಿದರೆ ‘ಇದು ಡಿಪಾರ್ಟ್‌ಮೆಂಟ್ ವಿಷಯ, ನಿನಗೆ ಅರ್ಥ ಆಗಲ್ಲ’ ಎಂದು ಮಾತು ಮುಗಿಸುತ್ತಾರೆ. ಕಳೆದ ವರ್ಷ ಕೆರೆಯಲ್ಲಿ ಮುಳುಗಿದ ಮಗುವಿನ ಪ್ರಕರಣಕ್ಕೆ ಹೋಗಿ ಬಂದಾಗಿನಿಂದ ನಿದ್ದೆ ಸರಿಯಿಲ್ಲ. ವಾರಕ್ಕೆ ಒಂದೆರಡು ದಿನ ಜೊತೆಯವರೊಂದಿಗೆ ಕುಡಿದು ಬರುತ್ತಾರೆ. ಕೈ ಎತ್ತಿಲ್ಲ, ಆದರೆ ಮಾತು ತುಂಬಾ ಒರಟಾಗಿದೆ. ಅತ್ತೆಯವರು ‘ಖಾಕಿ ಹಾಕಿದವರೆಲ್ಲ ಹೀಗೇ ಕಣಮ್ಮ, ಹೊಂದಿಕೊಂಡು ಹೋಗು’ ಎನ್ನುತ್ತಾರೆ. ಇದು ಕೆಲಸದ ಗುಣವೋ, ಕಾಯಿಲೆಯೋ? ವೈದ್ಯರ ಬಳಿ ಹೋದರೆ ಬಡ್ತಿಗೆ ತೊಂದರೆಯಾಗುತ್ತದೆಯೇ? ವರ್ಗಾವಣೆ ಕೇಳಬೇಕೇ ಅಥವಾ ಕೆಲಸವನ್ನೇ ಬಿಡಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೀವು ಮದುವೆಯಾದ ಮನುಷ್ಯ ಎಲ್ಲಿ ಹೋದ ಎಂಬುದು ಮೊದಲನೆಯದು. ಈಗ ಕಾಣುತ್ತಿರುವುದನ್ನು ಸಹಿಸಿಕೊಳ್ಳಬೇಕೇ, ಚಿಕಿತ್ಸೆ ಕೊಡಿಸಬೇಕೇ ಎಂಬುದು ಎರಡನೆಯದು. ಪೊಲೀಸ್ ಸಿಬ್ಬಂದಿ ಮತ್ತು ಅವರ ಕುಟುಂಬದವರೊಂದಿಗೆ ಆಪ್ತಸಮಾಲೋಚನೆ ನಡೆಸಿಕೊಂಡು ಬಂದಿರುವ ಮನಃಶಾಸ್ತ್ರಜ್ಞೆಯಾಗಿ ನಾನು ಮೊದಲಿಗೇ ಹೇಳಬೇಕಾದದ್ದು ಇಷ್ಟು: ನೀವು ವಿವರಿಸಿದ ನಡವಳಿಕೆಗಳಲ್ಲಿ ಹೆಚ್ಚಿನವು ನಿಮ್ಮ ಪತಿಯ ಹುಟ್ಟುಗುಣವೂ ಅಲ್ಲ, ಕಾಯಿಲೆಯೂ ಅಲ್ಲ, ಅವು ಕೆಲಸದ ಅಗತ್ಯಕ್ಕಾಗಿ ಕಲಿತ ಅಭ್ಯಾಸಗಳು. ಆದರೆ ಅವುಗಳ ನಡುವೆಯೇ ಒಂದೆರಡು ಲಕ್ಷಣಗಳು ಅಭ್ಯಾಸದ ಗಡಿ ದಾಟಿವೆ. ಅವನ್ನು ‘ಖಾಕಿಯ ಗುಣ’ ಎಂದು ಬಿಟ್ಟುಬಿಡಬಾರದು.

ನಿಮ್ಮ ಅತ್ತೆಯವರು ಹೇಳಿದ ಮಾತನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅದರ ಹಿಂದೆ ಎರಡು ನಂಬಿಕೆಗಳಿರುತ್ತವೆ: ಒರಟು ಸ್ವಭಾವದವರೇ ಪೊಲೀಸ್ ಆಗುತ್ತಾರೆ ಎಂಬುದು ಒಂದು, ಸಮವಸ್ತ್ರ ಧರಿಸಿದ ಕೂಡಲೇ ಮನಸ್ಸು ಕಲ್ಲಾಗುತ್ತದೆ ಎಂಬುದು ಇನ್ನೊಂದು. ನನ್ನ ಅನುಭವದಲ್ಲಿ ಎರಡೂ ನಿಜವಲ್ಲ. ನಾನು ಕಂಡ ಕಾನ್‌ಸ್ಟೆಬಲ್‌ಗಳಲ್ಲಿ ಹೆಚ್ಚಿನವರು ಹಳ್ಳಿಯ ಸಾಧಾರಣ ಕುಟುಂಬಗಳಿಂದ, ಭದ್ರವಾದ ಸರ್ಕಾರಿ ಕೆಲಸ ಬೇಕೆಂದು, ದೈಹಿಕ ಪರೀಕ್ಷೆಗಾಗಿ ತಿಂಗಳುಗಟ್ಟಲೆ ಓಡಿ ಬಂದವರು. ಅಧಿಕಾರ ಚಲಾಯಿಸುವ ಹಂಬಲದಿಂದ ಬಂದವರು ಕಡಿಮೆ. ಅವರು ಬದಲಾಗುವುದು ನಿಜ, ಆದರೆ ಆ ಬದಲಾವಣೆ ಬಟ್ಟೆಯಿಂದ ಬರುವುದಿಲ್ಲ. ದಿನವೂ ಮಾಡುವ ಕೆಲಸದಿಂದ, ಜೊತೆಗಿರುವವರಿಂದ, ಮೇಲಿನವರು ಮತ್ತು ಹೊರಗಿನವರು ನಡೆಸಿಕೊಳ್ಳುವ ರೀತಿಯಿಂದ ಬರುತ್ತದೆ.

ಪೊಲೀಸರ ವೃತ್ತಿ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಜೆರೋಮ್ ಸ್ಕೋಲ್ನಿಕ್ 1966ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದರು. ಅಪಾಯದ ಸಾಧ್ಯತೆ, ಕೈಯಲ್ಲಿರುವ ಅಧಿಕಾರ, ಬೇಗ ಫಲಿತಾಂಶ ತೋರಿಸಬೇಕೆಂಬ ಒತ್ತಡ ಈ ಮೂರೂ ಒಟ್ಟಿಗೆ ಸೇರಿದಾಗ ಪೊಲೀಸರಲ್ಲಿ ಸಂಶಯದ ದೃಷ್ಟಿ, ಸಮಾಜದಿಂದ ದೂರವಾದ ಭಾವ ಮತ್ತು ತಮ್ಮವರೊಳಗಿನ ಗಾಢ ಒಗ್ಗಟ್ಟು ಬೆಳೆಯುತ್ತವೆ ಎಂಬುದು ಅವರ ವಿವರಣೆ. ಅವರು ನೋಡಿದ್ದು ಅಮೆರಿಕದ ಪೊಲೀಸರನ್ನು, ನಮ್ಮ ಜಿಲ್ಲೆಯ ಠಾಣೆಗಳನ್ನಲ್ಲ. ಆದರೂ ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕುವ ನಿಮ್ಮ ಯಜಮಾನರ ವಿಷಯದಲ್ಲಿ ಆ ಮಾತು ಅಕ್ಷರಶಃ ಹೊಂದುತ್ತದೆ. ರಾತ್ರಿ ಬೀಟ್‌ನಲ್ಲಿ ಬೈಕ್ ನಿಲ್ಲಿಸಿ ವಿಚಾರಿಸುವ ಕಾನ್‌ಸ್ಟೆಬಲ್ ಮೊದಲು ಎದುರಿನವನ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಆಮೇಲೆ ಹಿಂದೆ ಕುಳಿತವನ ಕೈ, ಸೊಂಟ, ಬ್ಯಾಗು; ಮುಖದ ಸರದಿ ಅದರ ನಂತರ. ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಹಾಗೇ ಒಪ್ಪದೆ, ಅದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಇನ್ನೊಮ್ಮೆ ಕೇಳಿ ಎರಡು ಉತ್ತರಗಳನ್ನು ಹೋಲಿಸುತ್ತಾನೆ. ಇದು ಅವನ ಕಸುಬು, ಅವನ ಜೀವ ಉಳಿಸುವ ಜಾಣ್ಮೆ. ಹನ್ನೊಂದು ವರ್ಷ ದಿನವೂ ಇದನ್ನೇ ಮಾಡಿದವರು, ‘ದಾರಿಯಲ್ಲಿ ಪೆನ್ಸಿಲ್ ಕೊಳ್ಳೋಕೆ ನಿಂತಿದ್ದೆ’ ಎಂದು ಮಗಳು ಹೇಳಿದಾಗ ‘ಯಾವ ಅಂಗಡಿ? ಯಾರ ಜೊತೆ? ಎಷ್ಟು ಹೊತ್ತು?’ ಎಂದು ಕೇಳುವುದು ಅವರ ಅರಿವಿಗೇ ಬಾರದಂತೆ ನಡೆದುಹೋಗುತ್ತದೆ. ಮಗುವಿಗೆ ಮಾತ್ರ ಅಪ್ಪ ತನ್ನನ್ನು ನಂಬುವುದಿಲ್ಲ ಎಂಬುದಷ್ಟೇ ತಿಳಿಯುತ್ತದೆ.

ದೂರವಾಗುವ ವಿಷಯಕ್ಕೆ ಬಂದರೆ, ನಮ್ಮ ದೇಶದಲ್ಲಿ ಅದಕ್ಕೆ ಇನ್ನೂ ಆಳವಾದ ಕಾರಣಗಳಿವೆ. ನಮ್ಮ ಪೊಲೀಸ್ ವ್ಯವಸ್ಥೆಗೆ ಅಡಿಪಾಯ ಹಾಕಿದ್ದು 1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯ್ದೆ. ಆಳುವವರಿಗೆ ವಿಧೇಯವಾದ ಪಡೆಯೊಂದನ್ನು ಕಟ್ಟುವುದು ಅದರ ಉದ್ದೇಶವಾಗಿತ್ತು. ಪೊಲೀಸ್ ಸಿಬ್ಬಂದಿಯನ್ನು ಸದಾ ಕರ್ತವ್ಯದಲ್ಲಿರುವವರೆಂದೇ ಪರಿಗಣಿಸಬೇಕು ಎಂದು ಅದರ 22ನೇ ಸೆಕ್ಷನ್ ಹೇಳಿತು. ಕರ್ನಾಟಕಕ್ಕೆ 1963ರಲ್ಲಿ ತನ್ನದೇ ಪೊಲೀಸ್ ಕಾಯ್ದೆ ಬಂದರೂ, ‘ಪೊಲೀಸರಿಗೆ ಡ್ಯೂಟಿ ಮುಗಿಯುವುದಿಲ್ಲ’ ಎಂಬ ಭಾವನೆ ಠಾಣೆಯಿಂದ ಹೋಗಲಿಲ್ಲ. ಇದೇ ವೇಳೆ ಕಾನೂನು ಪೊಲೀಸರ ಮಾತನ್ನು ಪೂರ್ತಿ ನಂಬುವುದೂ ಇಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂಬ ಹಳೆಯ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿ ಮುಂದುವರಿದಿದೆ. ಠಾಣೆಯಲ್ಲಿ ಹಿಂಸೆ ನಡೆಯುವ ಸಾಧ್ಯತೆಯಿರುವವರೆಗೆ ಆ ರಕ್ಷಣೆ ಬೇಕೇ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾನ್‌ಸ್ಟೆಬಲ್ ಒಬ್ಬರ ಜಾಗದಲ್ಲಿ ನಿಂತು ನೋಡಿ: ಜನ ನಂಬುವುದಿಲ್ಲ, ಕೋರ್ಟ್ ನಂಬುವುದಿಲ್ಲ, ಮೇಲಧಿಕಾರಿ ತಪ್ಪಿಗೆ ಕಾರಣ ಕೇಳಿ ಮೆಮೊ ಕೊಡುತ್ತಾರೆ; ಉಳಿಯುವುದು ಪಕ್ಕದಲ್ಲಿ ಲಾಠಿ ಹಿಡಿದು ನಿಂತವನೊಬ್ಬನೇ. ‘ನಿನಗೆ ಅರ್ಥ ಆಗಲ್ಲ’ ಎಂಬ ಮಾತು ಬರುವುದು ಇಲ್ಲಿಂದ. ಅದರಲ್ಲಿ ನಿಮ್ಮ ಬಗ್ಗೆ ತಿರಸ್ಕಾರವಿದೆ ಎಂದು ನೀವು ಭಾವಿಸಬೇಕಾಗಿಲ್ಲ.

ಈ ಒಗ್ಗಟ್ಟಿಗೆ ಕಾನೂನುಬದ್ಧ ದಾರಿಗಳೂ ಕಡಿಮೆ. ಪೊಲೀಸ್ ಪಡೆಗಳ ಹಕ್ಕುಗಳನ್ನು ನಿರ್ಬಂಧಿಸುವ 1966ರ ಕಾಯ್ದೆಯಿಂದಾಗಿ ಬೇರೆ ನೌಕರರಂತೆ ಸಂಘ ಕಟ್ಟಿಕೊಂಡು ಬೇಡಿಕೆ ಇಡಲು ಅವರಿಗೆ ಸಾಧ್ಯವಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ನಮ್ಮ ರಾಜ್ಯದ ಪೊಲೀಸ್ ಸಿಬ್ಬಂದಿ ಮುಂದಾದದ್ದು ನಿಮಗೆ ನೆನಪಿರಬಹುದು. ವೇತನದ ಜೊತೆಗೆ ವಾರದ ರಜೆ, ಕೆಲಸದ ಅವಧಿ, ಮೇಲಧಿಕಾರಿಗಳು ನಡೆಸಿಕೊಳ್ಳುವ ರೀತಿಗಳೂ ಆಗ ಮುನ್ನೆಲೆಗೆ ಬಂದವು. ಆ ಬಳಿಕ ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ನೇತೃತ್ವದ ಸಮಿತಿಯ ವರದಿ ಬಂದು, ವೇತನದ ವಿಷಯದಲ್ಲಿ 2019ರಲ್ಲಿ ಸ್ವಲ್ಪ ಪರಿಹಾರ ಸಿಕ್ಕಿತು. ನನ್ನೆದುರು ಕುಳಿತ ಸಿಬ್ಬಂದಿ ಸಂಬಳಕ್ಕಿಂತ ಹೆಚ್ಚಾಗಿ ಗೌರವದ ಮಾತನ್ನೇ ಆಡುತ್ತಾರೆ. ಕಾನ್‌ಸ್ಟೆಬಲ್‌ಗಳ ಅಗಲ ಅಂಚಿನ ಹ್ಯಾಟ್ ಹೋಗಿ 2025ರಲ್ಲಿ ನೀಲಿ ಪೀಕ್ ಕ್ಯಾಪ್ ಬಂದದ್ದು ಹೊರಗಿನವರಿಗೆ ಸಣ್ಣ ಸುದ್ದಿಯಾಗಿ ಕಂಡಿರಬಹುದು. ತಲೆಯ ಮೇಲಿನ ಟೋಪಿಯಿಂದಲೇ ದೂರದಿಂದ ತಮ್ಮ ಸ್ಥಾನವನ್ನು ಜನ ಅಳೆಯುತ್ತಾರೆಂದು ನೊಂದಿದ್ದವರಿಗೆ ಅದು ಸಣ್ಣದಾಗಿರಲಿಲ್ಲ.

ಇದೆಲ್ಲದರ ಮೇಲೆ ದಣಿವು. ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಸಂಶೋಧನಾ ಸಂಸ್ಥೆಯಾದ ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗ 2019ರಲ್ಲಿ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸ್ ಸಿಬ್ಬಂದಿಯನ್ನೂ 10 ಸಾವಿರಕ್ಕೂ ಹೆಚ್ಚು ಕುಟುಂಬ ಸದಸ್ಯರನ್ನೂ ಮಾತನಾಡಿಸಿ ವರದಿ ಪ್ರಕಟಿಸಿದವು. ಅದರ ಪ್ರಕಾರ ಸಿಬ್ಬಂದಿ ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಸರಿಸುಮಾರು ಅರ್ಧದಷ್ಟು ಜನರಿಗೆ ವಾರದ ರಜೆಯೇ ಇಲ್ಲ. ಸಣ್ಣ ಅಪರಾಧಗಳಿಗೆ ಕೋರ್ಟಿನ ವಿಚಾರಣೆಗಿಂತ ಪೊಲೀಸರೇ ಸಣ್ಣ ಶಿಕ್ಷೆ ಕೊಡುವುದು ಒಳ್ಳೆಯದು ಎಂದವರು ಶೇ 37ರಷ್ಟಿದ್ದರು. ನಿದ್ದೆಗೆಟ್ಟು, ತಾಳ್ಮೆ ಕಳೆದುಕೊಂಡು, ‘ಬೇಗ ಮುಗಿಸು’ ಎಂಬ ಒತ್ತಡದಲ್ಲಿ ದುಡಿಯುವವರಿಗೆ ಸ್ಥಳದಲ್ಲೇ ತೀರ್ಪು ಕೊಟ್ಟುಬಿಡುವ ಅಭ್ಯಾಸ ಅಂಟುವುದು ಸುಲಭ. ಹಾಗೆ ಅಂಟಿದ ಅಭ್ಯಾಸ ಮನೆಯಲ್ಲಿ ಹೆಂಡತಿ ಮಕ್ಕಳ ಮಾತಿಗೂ ಅನ್ವಯವಾಗತೊಡಗುತ್ತದೆ.

ಹಾಗೆಂದು ಠಾಣೆಯಲ್ಲಿ ಕೇಳಿಬರುವ ಒರಟು ಮಾತೆಲ್ಲವೂ ಅವರ ನಿಜವಾದ ನಡತೆ ಎಂದುಕೊಳ್ಳುವುದೂ ತಪ್ಪಾಗುತ್ತದೆ. ಚಹಾ ಕುಡಿಯುತ್ತ ಸಹೋದ್ಯೋಗಿಗಳ ನಡುವೆ ಆಡುವ ಮಾತಿಗೂ ರಸ್ತೆಯಲ್ಲಿ ಮಾಡುವ ಕೆಲಸಕ್ಕೂ ಬಹಳ ಅಂತರವಿರುತ್ತದೆ ಎಂದು ಬ್ರಿಟನ್ನಿನ ಸಂಶೋಧಕ ವಾಡಿಂಗ್‌ಟನ್ 1999ರಲ್ಲಿ ವಾದಿಸಿದ್ದರು. ನಾನು ಕಂಡದ್ದೂ ಹಾಗೆಯೇ ಇದೆ. ‘ಅಳೋದೆಲ್ಲ ನಮಗಾಗಲ್ಲ ಮೇಡಂ’ ಎಂದು ಎಲ್ಲರೆದುರು ನಕ್ಕು ಹೇಳಿದ ಹೆಡ್ ಕಾನ್‌ಸ್ಟೆಬಲ್ ಒಬ್ಬರು, ಕೊಠಡಿಯ ಬಾಗಿಲು ಹಾಕಿದ ಮೇಲೆ ತಮ್ಮ ಸರಹದ್ದಿನಲ್ಲಿ ನೇಣು ಹಾಕಿಕೊಂಡ ಹುಡುಗನ ಹೆಸರು, ಅವನ ಶಾಲೆ, ಆ ದಿನ ಅವನು ತೊಟ್ಟಿದ್ದ ಅಂಗಿಯ ಬಣ್ಣ ಎಲ್ಲವನ್ನೂ ಹೇಳಿದರು. ಅದಾಗಿ ಎಷ್ಟೋ ವರ್ಷಗಳಾಗಿದ್ದವು.

ಈ ಕಾರಣದಿಂದಲೇ ನೀವು ಬರೆದ ಕೆರೆಯ ಪ್ರಕರಣದ ಬಗ್ಗೆ ನಾನು ಸ್ವಲ್ಪ ನಿಂತು ಹೇಳಬೇಕು. ಅಸ್ವಾಭಾವಿಕ ಸಾವು ದಾಖಲಾದಾಗ ಶವಾಗಾರದಲ್ಲಿ ಕಾಯುವುದು ಸಾಮಾನ್ಯವಾಗಿ ಕಾನ್‌ಸ್ಟೆಬಲ್ ಪಾಲಿನ ಕೆಲಸ. ನೀರಿನಿಂದ ಮೇಲೆತ್ತುವಾಗ ಕೈ ಕೊಡುವುದು, ಮಹಜರಿಗೆ ಪಂಚರನ್ನು, ಅಂದರೆ ಸಾಕ್ಷಿಗಳನ್ನು ಕರೆತರುವುದು, ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ತಾಯಿಯ ಅಳು ಕೇಳುತ್ತ ಕೂರುವುದು, ಕೊನೆಗೆ ಮಗುವಿನ ತಂದೆಯಿಂದ ‘ಶವ ಪಡೆದುಕೊಂಡಿದ್ದೇನೆ’ ಎಂದು ಸಹಿ ಹಾಕಿಸಿಕೊಳ್ಳುವುದು, ಇವೆಲ್ಲ ಒಬ್ಬನೇ ಮನುಷ್ಯನ ಒಂದೇ ದಿನದಲ್ಲಿ ನಡೆಯುತ್ತವೆ. ಮರುದಿನ ಬೆಳಿಗ್ಗೆ ಅವನು ಯಾರದೋ ಸಭೆಯ ಬಂದೋಬಸ್ತ್‌ನಲ್ಲಿ ನಿಂತಿರುತ್ತಾನೆ. ನಿಮ್ಮ ಪತಿಗೆ ಹೆಚ್ಚೂಕಡಿಮೆ ಅದೇ ವಯಸ್ಸಿನ ಮಗಳಿದ್ದರೆ, ಆಕೆ ತಡವಾಗಿ ಬಂದ ಹತ್ತು ನಿಮಿಷದಲ್ಲಿ ಅವರ ಮನಸ್ಸು ಎಲ್ಲೆಲ್ಲಿಗೆ ಹೋಗಿ ಬರುತ್ತದೆ ಎಂಬುದನ್ನು ಊಹಿಸಬಹುದು. ವರ್ಷ ಕಳೆದರೂ ನಿದ್ದೆ ಸರಿಹೋಗದಿರುವುದು, ಅದಕ್ಕೆ ಮದ್ಯ ಜೊತೆಯಾಗಿರುವುದು ವೃತ್ತಿಯ ಅಭ್ಯಾಸವಲ್ಲ. ಆಘಾತದ ನಂತರದ ತೊಂದರೆ ಅಥವಾ ಖಿನ್ನತೆ ಇರಬಹುದು. ಅದನ್ನು ಪತ್ರ ಓದಿ ನಿರ್ಧರಿಸಲಾಗದು, ಮನೋವೈದ್ಯರು ನೋಡಿಯೇ ಹೇಳಬೇಕು. ಅದೇ ದೃಶ್ಯ ಕನಸಿನಲ್ಲಿ ಮರುಕಳಿಸುತ್ತದೆಯೇ, ಕೆರೆಯ ದಾರಿಯನ್ನು ತಪ್ಪಿಸಿ ಸುತ್ತಿ ಬರುತ್ತಾರೆಯೇ, ಸಣ್ಣ ಸದ್ದಿಗೂ ಬೆಚ್ಚುತ್ತಾರೆಯೇ, ನಿದ್ದೆಗಾಗಿ ಒಬ್ಬರೇ ಕುಡಿಯಲು ಶುರುಮಾಡಿದ್ದಾರೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸಿ. ಬದುಕು ಸಾಕಾಗಿದೆ ಎಂಬ ಅರ್ಥದ ಮಾತು ಬಂದರೆ ಕಾಯಬೇಡಿ. ಶಸ್ತ್ರ ಕೈಗೆ ಸಿಗುವ ಕೆಲಸದಲ್ಲಿರುವವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮಾನಸಿಕ ಆರೋಗ್ಯಕ್ಕಾಗಿಯೇ ಇರುವ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಕನ್ನಡದಲ್ಲಿಯೂ ಸಿಗುತ್ತದೆ, ಉಚಿತ. ನೀವೇ ಮೊದಲು ಕರೆ ಮಾಡಿ ಸಲಹೆ ಕೇಳಬಹುದು.

ಬಡ್ತಿಯ ಭಯಕ್ಕೆ ಬರುತ್ತೇನೆ. ‘ಮನೋವೈದ್ಯರ ಬಳಿ ಹೋದರೆ ಸೇವಾ ಪುಸ್ತಕದಲ್ಲಿ ಬರೆಯುತ್ತಾರೆ’ ಎಂಬ ಮಾತು ಠಾಣೆಗಳಲ್ಲಿ ಬಹಳ ಓಡಾಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಯಾರದಾದರೂ ಜೀವಕ್ಕೆ ಅಪಾಯವಿದೆ ಎಂಬಂಥ ಕೆಲವು ಸಂದರ್ಭಗಳಲ್ಲಷ್ಟೇ ಅದಕ್ಕೆ ವಿನಾಯಿತಿಯಿದೆ. ಹೊರರೋಗಿಯಾಗಿ ಹೋಗಿ ಬಂದರೆ ಆಸ್ಪತ್ರೆ ಇಲಾಖೆಗೆ ಪತ್ರ ಬರೆಯುವುದಿಲ್ಲ. ಆದರೆ ಒಂದನ್ನು ಮುಚ್ಚಿಡದೆ ಹೇಳಬೇಕು: ದೀರ್ಘ ವೈದ್ಯಕೀಯ ರಜೆ ಹಾಕಿದರೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಇಲಾಖೆಯ ಆರೋಗ್ಯ ಭಾಗ್ಯ ಯೋಜನೆಯಡಿ ಒಳರೋಗಿಯಾಗಿ ದಾಖಲಾದರೆ ಕಾಗದಪತ್ರಗಳು ಕಚೇರಿಯ ಕೈ ದಾಟಿ ಹೋಗುತ್ತವೆ, ಶಸ್ತ್ರದ ಕರ್ತವ್ಯದಿಂದ ಕೆಲಕಾಲ ದೂರವಿಡುವ ಸಾಧ್ಯತೆಯೂ ಇದೆ. ಹೀಗಿರುವಾಗ ತೊಂದರೆ ಇನ್ನೂ ಸಣ್ಣದಿರುವಾಗಲೇ, ರಜೆಯ ಅಗತ್ಯ ಬೀಳುವ ಮೊದಲೇ ಹೋಗುವುದು ವೃತ್ತಿಯ ದೃಷ್ಟಿಯಿಂದಲೂ ಜಾಣತನ. ನಿಮ್ಮದೇ ಊರಿನ ಜಿಲ್ಲಾಸ್ಪತ್ರೆಗೆ ಹೋದರೆ ಪರಿಚಿತರು ಸಿಗುತ್ತಾರೆಂಬ ಅಳುಕಿದ್ದರೆ ಪಕ್ಕದ ಜಿಲ್ಲೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬಹುದು. ಕುಡಿತ ಹಿಡಿತ ತಪ್ಪಿ ಕರ್ತವ್ಯಕ್ಕೆ ಗೈರುಹಾಜರಾದರೆ ಬರುವ ಇಲಾಖಾ ವಿಚಾರಣೆ ಬಡ್ತಿಗೆ ಮಾಡುವ ಹಾನಿ, ಆಸ್ಪತ್ರೆಯ ಚೀಟಿಯಿಂದ ಆಗಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚಿನದು.

ಅವರನ್ನು ಒಪ್ಪಿಸುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಕಷ್ಟವಿರುವುದು ಅಲ್ಲೇ. ‘ನೀವು ಬದಲಾಗಿದ್ದೀರಿ’ ಎಂದು ಶುರುಮಾಡಿದರೆ ಅದು ಆರೋಪವಾಗುತ್ತದೆ, ಆರೋಪಕ್ಕೆ ಉತ್ತರ ಕೊಡುವುದನ್ನೂ ಮುರಿಯುವುದನ್ನೂ ಅವರು ಚೆನ್ನಾಗಿ ಬಲ್ಲರು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಈ ಮಾತು ಬೇಡವೇ ಬೇಡ; ನಿದ್ದೆಯಾದ ಮೇಲೆ, ಮಗಳು ಇಲ್ಲದ ಹೊತ್ತಿನಲ್ಲಿ, ನಿದ್ದೆಯ ವಿಷಯವೊಂದನ್ನೇ ಎತ್ತಿ. ನಿದ್ದೆ ಬರುತ್ತಿಲ್ಲ ಎಂದು ಒಪ್ಪಿಕೊಳ್ಳುವುದರಲ್ಲಿ ಪೊಲೀಸನಿಗೆ ಮಾನ ಹೋಗುವುದಿಲ್ಲ, ಮನಸ್ಸು ಸರಿಯಿಲ್ಲ ಎಂದು ಒಪ್ಪುವುದರಲ್ಲಿ ಹೋಗುತ್ತದೆ ಎಂದು ಅವರು ತಿಳಿದಿರುತ್ತಾರೆ. ಅವರ ಬ್ಯಾಚ್‌ಮೇಟ್‌ಗಳಲ್ಲಿ ಅಥವಾ ಠಾಣೆಯ ಹಿರಿಯ ದಫೇದಾರರಲ್ಲಿ ಕುಡಿಯದ, ಮನೆಯನ್ನು ಚೆನ್ನಾಗಿ ನೋಡಿಕೊಂಡ ಒಬ್ಬರು ಇದ್ದೇ ಇರುತ್ತಾರೆ. ಅವರ ಒಂದು ಮಾತು ನನ್ನಂಥವರ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಹಾಗಾಗಿ ಇಲಾಖೆಯ ಸ್ನೇಹಿತರಿಂದ ಅವರನ್ನು ಬಿಡಿಸಲು ಹೋಗಬೇಡಿ. ಯಾವ ಸ್ನೇಹಿತರು ಎಂಬುದಷ್ಟನ್ನೇ ನೋಡಿ.

ಮಗಳ ವಿಷಯದಲ್ಲಿ ಒಂದು ಸರಳ ಕ್ರಮ ಹಲವು ಮನೆಗಳಲ್ಲಿ ನೆರವಾಗಿದೆ. ಅಪ್ಪ ಪ್ರಶ್ನೆ ಕೇಳುವ ಮೊದಲು ತನ್ನ ದಿನದ ಒಂದು ಸಂಗತಿಯನ್ನು ಮಗುವಿಗೆ ಹೇಳಬೇಕು. ಸಂತೆಯಲ್ಲಿ ತಪ್ಪಿಸಿಕೊಂಡ ಅಜ್ಜಿಯನ್ನು ಮನೆ ಸೇರಿಸಿದ್ದೋ, ಠಾಣೆಯ ಆವರಣದಲ್ಲಿ ನಾಯಿ ಮರಿ ಹಾಕಿದ್ದೋ ಸಾಕು. ಹೇಳಿಕೆ ಪಡೆಯುವ ಕಡೆಯಲ್ಲೇ ಸದಾ ಕೂತವರಿಗೆ ತಾನೂ ಹೇಳುವ ಅಭ್ಯಾಸ ಮರಳುತ್ತದೆ, ಮಗುವೂ ತಾನಾಗಿ ಮಾತಾಡುತ್ತದೆ. ಊರಿನ ನಾಟಕ, ಕಬಡ್ಡಿಗಳನ್ನು ನೀವು ಪತ್ರದ ಮೊದಲಲ್ಲೇ ಬರೆದದ್ದು ನನಗೆ ಬಹಳ ಮುಖ್ಯವೆನಿಸಿತು. ‘ಪೊಲೀಸ್’ ಎಂಬ ಒಂದೇ ಗುರುತು ಉಳಿದವನಿಗೆ ಆ ಗುರುತಿಗೆ ಬಿದ್ದ ಪ್ರತಿ ಪೆಟ್ಟೂ ಇಡೀ ಬದುಕಿಗೇ ಬೀಳುತ್ತದೆ. ಒಂದು ಮೆಮೊ ಬಂದರೆ ತಾನೇ ನಿಷ್ಪ್ರಯೋಜಕ ಎನಿಸುತ್ತದೆ. ತಿಂಗಳಿಗೊಮ್ಮೆಯಾದರೂ ಅವರನ್ನು ಹುದ್ದೆಯಿಂದ ಕರೆಯದೆ ಹೆಸರಿನಿಂದ ಕರೆಯುವ ಜನರ ನಡುವೆ ಅವರಿರಬೇಕು. ಬಣ್ಣ ಹಚ್ಚಲು ಪುರುಸೊತ್ತಿಲ್ಲದಿದ್ದರೆ ಹುಡುಗರ ಕಬಡ್ಡಿಗೆ ತೀರ್ಪುಗಾರರಾಗಿ ನಿಂತರೂ ಆದೀತು.

ವರ್ಗಾವಣೆ ಒಂದು ದಾರಿ ಹೌದು, ಪೂರ್ಣ ಪರಿಹಾರ ಅಲ್ಲ. ನ್ಯಾಯಾಲಯದ ಕರ್ತವ್ಯ, ತರಬೇತಿ ಶಾಲೆ, ಎಸ್‌ಪಿ ಕಚೇರಿಯ ವಿಭಾಗಗಳು, ನಿಸ್ತಂತು ಅಥವಾ ಕಂಪ್ಯೂಟರ್ ಕೆಲಸಗಳಲ್ಲಿ ರಾತ್ರಿ ಪಾಳಿಯೂ ಶವಗಳ ನಡುವಿನ ಕೆಲಸವೂ ಕಡಿಮೆಯಾಗುತ್ತವೆ. ಆದರೆ ‘ಠಾಣೆಯಿಂದ ತೆಗೆದುಹಾಕಿದರು’ ಎಂದು ಜೊತೆಯವರು ಆಡಿಕೊಂಡರೆ ಕೆಲವರು ಅಲ್ಲಿ ಇನ್ನಷ್ಟು ಕುಗ್ಗುತ್ತಾರೆ, ಆದ್ದರಿಂದ ಅರ್ಜಿ ಅವರ ಸ್ವಂತ ಇಚ್ಛೆಯಿಂದಲೇ ಹೋಗಬೇಕು. ಬೇರೆ ಜಿಲ್ಲೆಗೆ ಹೋಗುವುದಾದರೆ ಸೇವಾ ಹಿರಿತನ ಕಳೆದುಕೊಳ್ಳಬೇಕಾಗಬಹುದು. ಆದೇಶ ಓದದೆ ಸಹಿ ಮಾಡಬೇಡಿ. ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಎತ್ತಬೇಡಿ. 2006ರ ಏಪ್ರಿಲ್ ನಂತರ ಸೇರಿದವರಾದ್ದರಿಂದ ಅವರು ಹೊಸ ಪಿಂಚಣಿ ಯೋಜನೆಯಲ್ಲಿರುತ್ತಾರೆ, ಹಳೆಯ ಪಿಂಚಣಿಯ ಆಸರೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯಾಗದ ಮನಸ್ಸಿನಲ್ಲಿ ಮಾಡಿದ ರಾಜೀನಾಮೆಯ ನಿರ್ಧಾರಕ್ಕೆ ಆಮೇಲೆ ಪಶ್ಚಾತ್ತಾಪ ಪಟ್ಟವರನ್ನು ನಾನು ಕಂಡಿದ್ದೇನೆ.

ಕೈ ಎತ್ತಿಲ್ಲ ಎಂದು ಬರೆದಿದ್ದೀರಿ. ಎತ್ತಿದ ದಿನ ಅದಕ್ಕೆ ದಣಿವೂ ಕಾರಣವಲ್ಲ, ಖಾಕಿಯೂ ಕಾರಣವಲ್ಲ. ನಿರಂತರ ಬೈಗುಳ, ಬೆದರಿಕೆಗಳೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ‘ಅವರ ಠಾಣೆಗೇ ಹೋಗಿ ಅವರ ಮೇಲೆ ದೂರು ಕೊಡುವುದು ಹೇಗೆ’ ಎಂದು ಪೊಲೀಸರ ಪತ್ನಿಯರು ಸುಮ್ಮನಾಗುತ್ತಾರೆ. ಠಾಣೆಗೆ ಹೋಗಲೇಬೇಕೆಂದಿಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿಯನ್ನು, ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರವನ್ನು ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರನ್ನು ಸಂಪರ್ಕಿಸಬಹುದು. ಮಹಿಳಾ ಸಹಾಯವಾಣಿ 181 ಇದೆ. ಇದನ್ನು ಬಳಸುವ ಸಂದರ್ಭ ಬರದಿರಲಿ, ಆದರೆ ಸಂಖ್ಯೆ ನಿಮ್ಮ ಬಳಿ ಇರಲಿ.

ಈಗ ತಕ್ಷಣ ಮಾಡಬೇಕಾದದ್ದು ರಜೆಯ ಅರ್ಜಿ. ಗಣೇಶ ವಿಸರ್ಜನೆಯ ಬಂದೋಬಸ್ತ್ ಶುರುವಾದರೆ ದಸರಾ ಮುಗಿಯುವವರೆಗೆ ರಜೆ ಮಂಜೂರಾಗುವುದು ಕಷ್ಟ ಎಂಬುದು ನಿಮಗೂ ಗೊತ್ತು. ಅದಕ್ಕೂ ಮೊದಲೇ ಒಂದು ವಾರದ ಗಳಿಕೆ ರಜೆ ಕೇಳಲಿ, ಮೊದಲ ಎರಡು ದಿನ ನಿದ್ದೆಗೆ ಬಿಡಿ, ಮೂರನೆಯ ದಿನಕ್ಕೆ ವೈದ್ಯರ ಭೇಟಿಯ ಸಮಯ ಗೊತ್ತುಮಾಡಿ. ಮೊದಲ ಭೇಟಿಗೆ ನೀವೂ ಜೊತೆಗೆ ಹೋಗಿ, ಆದರೆ ಒಳಗೆ ಸ್ವಲ್ಪ ಹೊತ್ತು ಅವರೊಬ್ಬರೇ ವೈದ್ಯರೊಂದಿಗೆ ಮಾತನಾಡಲಿ. ನಿಮ್ಮೆದುರು ಹೇಳಲಾಗದ್ದು ಅವರಲ್ಲಿ ಏನಾದರೂ ಇದ್ದೇ ಇರುತ್ತದೆ.